ಕುತ್ತಿಗೆಯ ಪೆಟ್ಟು, ಕುತ್ತಿಗೆಯ ಬೇನೆ ಮತ್ತು ಆಧಾರಪಟ್ಟಿಯ ಚಿಕಿತ್ಸೆ

1. ಪೀಠಿಕೆ

ಬೆಂಗಳೂರಿನ ವಾಯವ್ಯ ಭಾಗದಲ್ಲಿರುವ ಮತ್ತಿಕೆರೆಯ ಬೀದಿಗಳಲ್ಲಿ ಹಾದುಹೋಗುವವರಿಗೆ, ಔಷಧದಂಗಡಿಗಳ ಗಾಜಿನ ಹಿಂದೆ ಮೊಣಕಾಲಿನ ಚೀಲ, ಸೊಂಟದ ಪಟ್ಟಿ ಮೊದಲಾದವುಗಳ ನಡುವೆ ತೂಗುಹಾಕಿರುವ ಕುತ್ತಿಗೆಯ ಪಟ್ಟಿಯು ಕಣ್ಣಿಗೆ ಬೀಳುವುದು ಅಪೂರ್ವವಲ್ಲ. ಇದನ್ನು ಕೊಳ್ಳಲು ವೈದ್ಯರ ಚೀಟಿ ಬೇಕಾಗಿಲ್ಲ; ಅಳತೆ ಕೇಳುವವರೂ ವಿರಳ. ಬೆಳಗ್ಗೆ ಏಳುವಾಗ ಕತ್ತು ಹಿಡಿದುಕೊಂಡವರು, ದ್ವಿಚಕ್ರವಾಹನದಿಂದ ಬಿದ್ದವರು, ದಿನವೆಲ್ಲ ಗಣಕಯಂತ್ರದ ಮುಂದೆ ಕುಳಿತು ಹೆಗಲು ಭಾರವಾದವರು, ಎಲ್ಲರೂ ಒಂದೇ ಪಟ್ಟಿಯನ್ನು ಕೊಂಡು ಕಟ್ಟಿಕೊಳ್ಳುವುದುಂಟು. ಕೆಲವರು ಅದನ್ನು ತಿಂಗಳುಗಟ್ಟಲೆ ಬಿಡುವುದಿಲ್ಲ. ಮತ್ತೆ ಕೆಲವರು, ನಿಜವಾಗಿ ಬಿಗಿಯಾದ ಆಧಾರ ಬೇಕಾದ ಸ್ಥಿತಿಯಲ್ಲಿಯೂ, ಸೆಕೆಯೆಂದೋ ನೋಡಿದವರು ನಗುವರೆಂದೋ ಅದನ್ನು ಕಳಚಿಡುತ್ತಾರೆ.

ಈ ಎರಡು ತಪ್ಪುಗಳೂ ಒಂದೇ ಅಜ್ಞಾನದಿಂದ ಹುಟ್ಟುತ್ತವೆ. ಆಧಾರಪಟ್ಟಿಯು ಮುರಿದ ಮೂಳೆಯನ್ನು ತಾನಾಗಿ ಕೂಡಿಸುವುದಿಲ್ಲ. ಊದಿದ ನರವನ್ನು ತಾನಾಗಿ ಶಮನಗೊಳಿಸುವುದಿಲ್ಲ. ಅದು ಮಾಡುವುದು ಒಂದೇ ಕಾರ್ಯ: ಒಂದು ನಿರ್ದಿಷ್ಟ ಚಲನೆಯನ್ನು, ಒಂದು ನಿರ್ದಿಷ್ಟ ಪ್ರಮಾಣದಲ್ಲಿ, ಒಂದು ನಿರ್ದಿಷ್ಟ ಕಾಲದವರೆಗೆ ತಡೆಹಿಡಿಯುವುದು. ಯಾವ ಚಲನೆ, ಎಷ್ಟು ಪ್ರಮಾಣ, ಎಷ್ಟು ಕಾಲ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಪಟ್ಟಿಯು ಚಿಕಿತ್ಸೆಯೆನಿಸುತ್ತದೆ. ಈ ಲೇಖನದಲ್ಲಿ ಆ ಮೂರು ಪ್ರಶ್ನೆಗಳನ್ನು, ನಮ್ಮ ಪರಿಸರದ ನಿದರ್ಶನಗಳೊಡನೆ, ಸಾಮಾನ್ಯ ವಾಚಕರಿಗೆ ತಿಳಿಯುವಂತೆ ವಿವರಿಸಲು ಯತ್ನಿಸಲಾಗಿದೆ.

2. ಕುತ್ತಿಗೆಯ ರಚನೆ

ಮನುಷ್ಯನ ಕುತ್ತಿಗೆಯಲ್ಲಿ ಏಳು ಕಶೇರುಮಣಿಗಳಿವೆ. ಇವು ಹೊರುವ ತಲೆಯ ತೂಕ ಸುಮಾರು 4.5ರಿಂದ 5 ಕಿಲೋಗ್ರಾಂ. ಮೊದಲನೆಯ ಮಣಿಗೆ ಅಟ್ಲಾಸ್ ಎಂದು ಹೆಸರು. ಗ್ರೀಕರ ಪುರಾಣದಲ್ಲಿ ಆಕಾಶವನ್ನು ಹೊತ್ತವನ ಹೆಸರದು. ಇದು ಉಂಗುರದ ಆಕಾರದಲ್ಲಿದ್ದು ತಲೆಬುರುಡೆಯನ್ನು ತನ್ನ ಮೇಲೆ ಕೂರಿಸಿಕೊಂಡಿದೆ. ಎರಡನೆಯದು ಆಕ್ಸಿಸ್. ಇದರಿಂದ ಮೇಲಕ್ಕೆ ಚಾಚಿರುವ ಹಲ್ಲಿನಂಥ ಗೂಟವು ಅಟ್ಲಾಸಿನ ಉಂಗುರದೊಳಗೆ ನಿಂತಿದೆ. ರಾಗಿಯ ಬೀಸುವ ಕಲ್ಲನ್ನು ಕಂಡವರಿಗೆ ಈ ಏರ್ಪಾಡನ್ನು ವಿವರಿಸುವುದು ಸುಲಭ: ಕೆಳಗಲ್ಲಿನ ಗೂಟದ ಸುತ್ತ ಮೇಲುಗಲ್ಲು ತಿರುಗುವಂತೆ ಆಕ್ಸಿಸಿನ ಗೂಟದ ಸುತ್ತ ಅಟ್ಲಾಸೂ ಅದರೊಡನೆ ತಲೆಯೂ ತಿರುಗುತ್ತವೆ. ನಾವು ಎಡಬಲಕ್ಕೆ ಮುಖ ತಿರುಗಿಸುವ ಚಲನೆಯಲ್ಲಿ ಸುಮಾರು ಅರ್ಧದಷ್ಟು ಈ ಒಂದೇ ಕೀಲಿನಲ್ಲಿ ನಡೆಯುತ್ತದೆ. ಉಳಿದ ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳಿದ್ದು, ಬಾಗುವಿಕೆ, ನಿಮಿರುವಿಕೆ, ಪಕ್ಕಕ್ಕೆ ವಾಲುವಿಕೆಗಳು ಆ ಎಲ್ಲ ಕೀಲುಗಳಲ್ಲಿ ಹಂಚಿಹೋಗಿವೆ.

ಈ ಮಣಿಗಳ ನಡುವಿನ ಕೊಳವೆಯಲ್ಲಿ ಮಿದುಳುಬಳ್ಳಿಯು ಇಳಿದುಬರುತ್ತದೆ. ಕುತ್ತಿಗೆಯಲ್ಲಿ ಮಣಿಗಳು ಏಳಾದರೂ, ಬಳ್ಳಿಯಿಂದ ಕವಲೊಡೆಯುವ ನರಗಳು ಎಂಟು ಜೊತೆ. ಇವುಗಳಲ್ಲಿ ಮೂರು, ನಾಲ್ಕು ಮತ್ತು ಐದನೆಯ ಜೊತೆಗಳಿಂದ ಉಸಿರಾಟಕ್ಕೆ ಮುಖ್ಯವಾದ ವಪೆಯ ನರ ರೂಪುಗೊಳ್ಳುತ್ತದೆ. ಐದನೆಯದರಿಂದ ಕೆಳಗಿನವು ತೋಳು ಮತ್ತು ಕೈಗಳನ್ನು ಆಳುತ್ತವೆ. ಆದುದರಿಂದ ಕುತ್ತಿಗೆಯ ಮೇಲ್ಭಾಗದಲ್ಲಿ ಬಳ್ಳಿಗೆ ಪೆಟ್ಟಾದರೆ ಉಸಿರೇ ನಿಲ್ಲಬಹುದು. ಕೆಳಭಾಗದಲ್ಲಿ ಪೆಟ್ಟಾದರೆ ಉಸಿರು ಉಳಿದು, ಕೈಕಾಲುಗಳ ಬಲ ಹೋಗಬಹುದು. ಒಂದೆರಡು ಮಣಿಗಳ ಅಂತರವು ಮನುಷ್ಯನ ಮುಂದಿನ ಜೀವನವನ್ನೇ ನಿರ್ಣಯಿಸುವ ಸ್ಥಳ ಶರೀರದಲ್ಲಿ ಇದೊಂದೇ ಎಂದರೆ ಅತಿಶಯೋಕ್ತಿಯಾಗಲಾರದು.

3. ಪೆಟ್ಟುಗಳು ಬೀಳುವ ಬಗೆ

ಮತ್ತಿಕೆರೆಯ ಸುತ್ತಿನ ಜೀವನವನ್ನು ಗಮನಿಸಿದರೆ ಕುತ್ತಿಗೆಗೆ ಆಗುವ ಕೇಡುಗಳ ಮುಖ್ಯ ಬಗೆಗಳೆಲ್ಲವೂ ಅಲ್ಲಿಯೇ ದೊರೆಯುತ್ತವೆ. ಒಂದು ಕಡೆ ಯಶವಂತಪುರದ ರೈಲುನಿಲ್ದಾಣ ಮತ್ತು ಕೃಷಿ ಉತ್ಪನ್ನಗಳ ಸಗಟು ಮಾರುಕಟ್ಟೆ. ಅಲ್ಲಿ ಮೂಟೆ ಹೊರುವ ಹಮಾಲರು. ಇನ್ನೊಂದು ಕಡೆ 1962ರಲ್ಲಿ ಸ್ಥಾಪಿತವಾದ ಎಂ. ಎಸ್. ರಾಮಯ್ಯ ತಾಂತ್ರಿಕ ಸಂಸ್ಥೆ ಮತ್ತು 1979ರಲ್ಲಿ ಆರಂಭವಾದ ರಾಮಯ್ಯ ವೈದ್ಯಕೀಯ ಕಾಲೇಜು. ಅವುಗಳ ಸುತ್ತ ದ್ವಿಚಕ್ರವಾಹನಗಳಲ್ಲಿ ಓಡಾಡುವ ಸಾವಿರಾರು ತರುಣರು. ಅನತಿದೂರದ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ. ಹಾಗೂ 1961ರಲ್ಲಿ ಆರಂಭವಾದ ಎಚ್. ಎಂ. ಟಿ. ಕೈಗಡಿಯಾರ ತಯಾರಿಕೆ.

ಮೊದಲನೆಯ ಬಗೆ, ನೆತ್ತಿಯ ಮೇಲಿನಿಂದ ಬೀಳುವ ಭಾರ. ತಲೆಕೆಳಗಾಗಿ ಬಿದ್ದಾಗ ಅಥವಾ ಆಳವಿಲ್ಲದ ನೀರಿಗೆ ಧುಮುಕಿ ತಲೆ ತಳಕ್ಕೆ ತಾಕಿದಾಗ, ಬುರುಡೆಯು ಅಟ್ಲಾಸಿನ ಉಂಗುರವನ್ನು ಒತ್ತಿ ಹೊರಮುಖವಾಗಿ ಒಡೆಯಬಹುದು. ಇದನ್ನು 1920ರಲ್ಲಿ ವಿವರಿಸಿದ ಆಂಗ್ಲ ಶಸ್ತ್ರವೈದ್ಯ ಜೆಫರ್ಸನ್ ಅವರ ಹೆಸರಿನಿಂದಲೇ ಈ ಮುರಿತವು ಪ್ರಸಿದ್ಧವಾಗಿದೆ. ನೀರಿಗೆ ಧುಮುಕುವವರಲ್ಲಿ ಕೆಳಗಿನ ಮಣಿಗಳು ಜಜ್ಜಿಹೋಗಿ ಬಳ್ಳಿಗೆ ಅಪಾಯವಾಗುವುದು ಇನ್ನೂ ಹೆಚ್ಚು. ನಮ್ಮ ಹಳ್ಳಿಗಳ ಬಾವಿ, ಕಲ್ಯಾಣಿಗಳಲ್ಲಿ ಬೇಸಗೆಯ ರಜೆಯಲ್ಲಿ ಈಜಲು ಹೋಗುವ ಹುಡುಗರು ಮಳೆಗಾಲದ ಆಳವನ್ನೇ ನೆನಪಿನಲ್ಲಿಟ್ಟುಕೊಂಡು ಧುಮುಕುತ್ತಾರೆ. ನೀರು ಇಳಿದಿರುವುದು ಮೇಲಿನಿಂದ ತಿಳಿಯುವುದಿಲ್ಲ. ಮಲೆನಾಡು ಮತ್ತು ಕರಾವಳಿಗಳಲ್ಲಿ ಅಡಕೆ, ತೆಂಗಿನ ಮರಗಳಿಂದ ಬೀಳುವವರೂ ಇದೇ ವರ್ಗಕ್ಕೆ ಸೇರಿದವರು.

ಎರಡನೆಯದು, ತಲೆ ಹಠಾತ್ತನೆ ಹಿಂದಕ್ಕೂ ಮುಂದಕ್ಕೂ ಬೀಸಲ್ಪಡುವುದು. ನಿಂತ ವಾಹನಕ್ಕೆ ಹಿಂದಿನಿಂದ ಇನ್ನೊಂದು ಬಂದು ಗುದ್ದಿದಾಗ ದೇಹ ಮುಂದಕ್ಕೆ ತಳ್ಳಲ್ಪಡುತ್ತದೆ, ತಲೆ ಹಿಂದುಳಿಯುತ್ತದೆ. ಚಾವಟಿಯ ಬೀಸಿಗೆ ಹೋಲಿಸಿ ಇದನ್ನು ಚಾವಟಿಪೆಟ್ಟು ಎನ್ನುತ್ತಾರೆ. ಇದರಲ್ಲಿ ಮೂಳೆ ಮುರಿಯದೆಯೂ ಸ್ನಾಯುಗಳಿಗೂ ಅಸ್ಥಿಬಂಧಗಳಿಗೂ ನೋವಾಗಬಹುದು.

ಮೂರನೆಯದು, ನಮ್ಮ ದೇಶದ ಉಡುಪಿಗೆ ಸಂಬಂಧಿಸಿದ್ದು. ಹಿಂಬದಿಯಲ್ಲಿ ಕುಳಿತವಳ ದುಪ್ಪಟ್ಟಾ ಅಥವಾ ಸೆರಗು ಚಕ್ರಕ್ಕೆ ಸಿಕ್ಕಿ ಕೊರಳನ್ನು ಸೆಳೆಯುವುದು. ಇದರಿಂದ ಕಶೇರುಮಣಿ, ಶ್ವಾಸನಾಳ, ರಕ್ತನಾಳ ಮೂರಕ್ಕೂ ಒಮ್ಮೆಗೇ ಅಪಾಯ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮವು ಮೋಟಾರು ಸೈಕಲ್ಲಿನ ಹಿಂಚಕ್ರದ ಅರ್ಧಕ್ಕೆ ಕಡಮೆಯಿಲ್ಲದ ಭಾಗವನ್ನು ಮುಚ್ಚುವ ರಕ್ಷಕವಿರಬೇಕೆಂದು ವಿಧಿಸಿರುವುದು ಈ ಕಾರಣದಿಂದಲೇ. ಅಂದಕ್ಕೆ ಕುಂದೆಂದು ಆ ರಕ್ಷಕವನ್ನು ಬಿಚ್ಚಿಸುವವರು ಅದರ ಉದ್ದೇಶವನ್ನು ಅರಿತವರಲ್ಲ.

ನಾಲ್ಕನೆಯದು, ಮೂಳೆ ಮುರಿಯದೆಯೇ ಬಳ್ಳಿಗೆ ಬೀಳುವ ಪೆಟ್ಟು. ವಯಸ್ಸಾದವರ ಕುತ್ತಿಗೆಯ ಕೊಳವೆ ಸವೆತದಿಂದ ಕಿರಿದಾಗಿರುತ್ತದೆ. ಇಂಥವರು ಬಚ್ಚಲಲ್ಲಿ ಜಾರಿ ಮುಖವಡಿಯಾಗಿ ಬಿದ್ದು ತಲೆ ಹಿಂದಕ್ಕೆ ಮಣಿದರೆ, ಆ ಕ್ಷಣದಲ್ಲಿ ಬಳ್ಳಿಯು ಹಿಂಡಲ್ಪಡುತ್ತದೆ. ಕಾಲುಗಳಿಗಿಂತ ಕೈಗಳೇ ಹೆಚ್ಚು ಸೋಲುವುದು ಇದರ ಲಕ್ಷಣ. ಕ್ಷಕಿರಣದ ಚಿತ್ರದಲ್ಲಿ ಮುರಿತ ಕಾಣದಿದ್ದರೂ ಇದು ಗಂಭೀರವಾದ ಸ್ಥಿತಿಯೇ.

4. ನಿಧಾನವಾಗಿ ಬರುವ ಬೇನೆಗಳು

ಪೆಟ್ಟಿಲ್ಲದೆ ಬರುವ ಬೇನೆಗಳಲ್ಲಿ ಸವೆತವೇ ಸರ್ವಸಾಮಾನ್ಯ. ವಯಸ್ಸಾದಂತೆ ಬಿಲ್ಲೆಗಳು ಒಣಗಿ ತಗ್ಗುತ್ತವೆ, ಮಣಿಗಳ ಅಂಚಿನಲ್ಲಿ ಮೂಳೆಯ ಮುಳ್ಳುಗಳು ಬೆಳೆಯುತ್ತವೆ. ಇದು ತಲೆ ನರೆಯುವಷ್ಟೇ ಸಹಜವಾದುದರಿಂದ, ಚಿತ್ರದಲ್ಲಿ ಸವೆತ ಕಂಡಿತೆಂದು ಮಾತ್ರಕ್ಕೆ ಅದೇ ನೋವಿನ ಕಾರಣವೆಂದು ಹೇಳಲಾಗದು. ಆದರೆ ಕೆಲಸದ ಬಗೆಯು ಸವೆತವನ್ನು ಹೆಚ್ಚಿಸಬಲ್ಲುದು. ಆಫ್ರಿಕದ ಕಾಂಗೋ ದೇಶದಲ್ಲಿ ತಲೆಯ ಮೇಲೆ ಸೌದೆ ಹೊರುವವರನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೊರದವರಿಗಿಂತ ಹೊರುವವರಲ್ಲಿ ಕುತ್ತಿಗೆಯ ಸವೆತ ಅಧಿಕವೆಂದು ತೋರಿಸಿದೆ. ನಮ್ಮ ಮಾರುಕಟ್ಟೆಗಳ ಹಮಾಲರ ವಿಷಯದಲ್ಲಿ ಇದನ್ನು ಯೋಚಿಸಬೇಕು. ಒಬ್ಬ ವಯಸ್ಕ ಪುರುಷನು ಹೊರುವ ಭಾರವು 55 ಕಿಲೋಗ್ರಾಮನ್ನು ಮೀರಿದ್ದರೆ ಅದನ್ನು ಆದಷ್ಟು ಶೀಘ್ರವಾಗಿ ಆ ಮಟ್ಟಕ್ಕೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿಯೇ ಶಿಫಾರಸು ಮಾಡಿದೆ.

ಭಾರವಿಲ್ಲದೆಯೂ ಕುತ್ತಿಗೆ ದಣಿಯುತ್ತದೆ. ತಲೆ ಮುಂದಕ್ಕೆ ಬಾಗಿದಷ್ಟೂ ಅದನ್ನು ಹಿಡಿದು ನಿಲ್ಲಿಸಲು ಹಿಂಬದಿಯ ಸ್ನಾಯುಗಳು ಹೆಚ್ಚು ಸೆಳೆಯಬೇಕು. ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದಾಗಲೂ ಕೈಚಾಚಿ ಹಿಡಿದಾಗಲೂ ತೂಕ ಒಂದೇ ಆದರೂ ಶ್ರಮ ಒಂದೇ ಅಲ್ಲವಷ್ಟೆ. 2014ರಲ್ಲಿ ಅಮೆರಿಕದ ಶಸ್ತ್ರವೈದ್ಯ ಹಂಸರಾಜ್ ಅವರು ಗಣಿತಮಾದರಿಯೊಂದರಿಂದ ಲೆಕ್ಕಮಾಡಿ, ತಲೆಯು 60 ಅಂಶಗಳಷ್ಟು ಬಾಗಿದಾಗ ಕುತ್ತಿಗೆಯ ಮೇಲಿನ ಹೊರೆ ಸುಮಾರು 27 ಕಿಲೋಗ್ರಾಮಿಗೆ ಸಮನಾಗುವುದೆಂದು ತಿಳಿಸಿದರು. ಇದು ಲೆಕ್ಕವೇ ಹೊರತು ಜೀವಂತ ಶರೀರದಲ್ಲಿ ಅಳೆದುದಲ್ಲ. ಆದರೂ ಕೈಯಲ್ಲಿನ ದೂರವಾಣಿಯನ್ನು ಗಂಟೆಗಟ್ಟಲೆ ಬಾಗಿ ನೋಡುವವರಿಗೆ ತತ್ತ್ವವನ್ನು ಮನಗಾಣಿಸಲು ಸಾಕು. ಒಂದು ಕಾಲದಲ್ಲಿ ಭೂತಗನ್ನಡಿಯ ಕೆಳಗೆ ಗಡಿಯಾರದ ಬಿಡಿಭಾಗಗಳನ್ನು ಜೋಡಿಸುತ್ತಿದ್ದವರ ಭಂಗಿಯೂ ಇಂದು ಪರದೆಯ ಮುಂದೆ ಕುಳಿತವರ ಭಂಗಿಯೂ ಬೇರೆಯಲ್ಲ.

ಬಿಲ್ಲೆಯು ಜಾರಿಯೋ ಮೂಳೆಯ ಮುಳ್ಳು ಬೆಳೆದೋ ಒಂದು ನರವನ್ನು ಒತ್ತಿದರೆ ನೋವು ಕುತ್ತಿಗೆಯಿಂದ ತೋಳಿಗಿಳಿದು ಬೆರಳುಗಳಲ್ಲಿ ಜೋಮು ಹಿಡಿಯುತ್ತದೆ. ಬಳ್ಳಿಯನ್ನೇ ಒತ್ತಿದರೆ ಸ್ಥಿತಿ ಬೇರೆ. ಆಗ ನೋವು ಹೆಚ್ಚಾಗಿ ಇರದೆಯೇ ಇರಬಹುದು. ಅಂಗಿಯ ಗುಂಡಿ ಹಾಕುವುದು ಕಷ್ಟವಾಗುತ್ತದೆ, ಅಕ್ಷರ ಕೆಡುತ್ತದೆ, ಕಾಲಿನಿಂದ ಚಪ್ಪಲಿ ಅರಿವಿಲ್ಲದೆ ಜಾರುತ್ತದೆ, ನಡಿಗೆ ತೂರಾಡುತ್ತದೆ. ಈ ಚಿಹ್ನೆಗಳನ್ನು ಮುದಿತನವೆಂದು ಕಡೆಗಣಿಸಿ ಪಟ್ಟಿ ಕಟ್ಟಿಕೊಂಡು ಕೂರುವುದು ಕಾಲಹರಣ.

ಕ್ಷಯವು ಕಶೇರುಮಣಿಗಳಿಗೂ ತಗಲುತ್ತದೆ. ಬಿಡದ ನೋವು, ಸಂಜೆಯ ಜ್ವರ, ತೂಕ ಇಳಿಯುವುದು ಅದರ ಸೂಚನೆ. ಅದಕ್ಕೆ ಔಷಧವು ಸರ್ಕಾರದ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಪಟ್ಟಿಯು ಔಷಧಕ್ಕೆ ಸಹಾಯಕ ಮಾತ್ರ. ಕರ್ನಾಟಕದ ಬಯಲುಸೀಮೆಗೆ ವಿಶೇಷವಾದ ಇನ್ನೊಂದು ಕಾರಣ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಇರಬಾರದೆಂಬುದು ಮಿತಿ. ಪಾವಗಡ ಮೊದಲಾದ ಪ್ರದೇಶಗಳ ಕೊಳವೆಬಾವಿಗಳಲ್ಲಿ ಅದು ಈ ಮಿತಿಯನ್ನು ಮೀರಿರುವುದುಂಟು. ಬಹುಕಾಲ ಅಂಥ ನೀರನ್ನು ಕುಡಿದವರಲ್ಲಿ ಅಸ್ಥಿಬಂಧಗಳು ಮೂಳೆಯಂತೆ ಗಟ್ಟಿಯಾಗಿ, ಬೆನ್ನು ಕುತ್ತಿಗೆಗಳು ಕೊರಡಾಗುತ್ತವೆ; ಕೊಳವೆ ಕಿರಿದಾಗಿ ಬಳ್ಳಿ ಒತ್ತಲ್ಪಡುತ್ತದೆ. ಭಾರತದಲ್ಲಿ ಈ ರೋಗವನ್ನು 1937ರಲ್ಲಿ ಅಂದಿನ ಮದರಾಸು ಆಧಿಪತ್ಯದ ನೆಲ್ಲೂರು ಜಿಲ್ಲೆಯಿಂದ ಮೊದಲು ವರದಿಮಾಡಲಾಯಿತು. ಈಗಾಗಲೇ ಅಲುಗದ ಕುತ್ತಿಗೆಗೆ ಚಲನೆ ತಡೆಯುವ ಪಟ್ಟಿಯಿಂದ ಏನು ಪ್ರಯೋಜನ? ಪಟ್ಟಿಯ ಆಯ್ಕೆಗೆ ಮೊದಲು ಕಾರಣದ ನಿರ್ಣಯವಾಗಬೇಕೆಂಬುದಕ್ಕೆ ಇದೇ ಒಳ್ಳೆಯ ನಿದರ್ಶನ.

5. ಆಧಾರಪಟ್ಟಿಯ ಬಗೆಗಳು

ಕುತ್ತಿಗೆಯನ್ನು ಕಟ್ಟಿ ಅಲುಗದಂತೆ ಇಡುವ ಯೋಚನೆ ಹೊಸದಲ್ಲ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಭಗ್ನಚಿಕಿತ್ಸೆಯನ್ನು ಹೇಳುವಾಗ, ಕುತ್ತಿಗೆಯು ತಿರುಚಿದ್ದರೆ ಅಥವಾ ಒಳಕ್ಕೆ ಕುಸಿದಿದ್ದರೆ ಹೆಡಕನ್ನೂ ದವಡೆಗಳನ್ನೂ ಹಿಡಿದು ಮೇಲಕ್ಕೆತ್ತಿ, ದಬ್ಬೆಗಳನ್ನು ಸಮನಾಗಿಟ್ಟು ಬಟ್ಟೆಯ ಪಟ್ಟಿಯಿಂದ ಸುತ್ತಿ, ಏಳು ರಾತ್ರಿ ಅಂಗಾತ ಮಲಗಿಸಬೇಕೆಂದು ವಿಧಿಸಿದೆ. ಎಳೆತ, ಆಧಾರ, ವಿಶ್ರಾಂತಿ ಎಂಬ ಮೂರು ಅಂಗಗಳೂ ಇದರಲ್ಲಿ ಸೇರಿವೆ. ಇಂದಿನ ಸಾಧನಗಳು ಇದೇ ಮೂರನ್ನು ಹೆಚ್ಚು ನಿಖರವಾಗಿ ಮಾಡಲು ಯತ್ನಿಸುತ್ತವೆ.

ಮೃದುಪಟ್ಟಿಯು ಬಟ್ಟೆ ಹೊದಿಸಿದ ಸ್ಪಂಜು. ಇದು ಬೆಚ್ಚಗಿರುತ್ತದೆ, ತಲೆಯ ಭಾರವನ್ನು ಸ್ವಲ್ಪ ಹೊರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅಲುಗಬೇಡವೆಂದು ಧರಿಸಿದವರಿಗೆ ನೆನಪಿಸುತ್ತದೆ. ಗಟ್ಟಿಪಟ್ಟಿಗಳಲ್ಲಿ ಫಿಲಡೆಲ್ಫಿಯಾ ಎಂಬ ಹೆಸರಿನದು ಪ್ರಸಿದ್ಧ. ಇದು ಮುಂಭಾಗ ಹಿಂಭಾಗಗಳೆಂದು ಎರಡು ಹೋಳಾಗಿದ್ದು, ಗದ್ದವನ್ನೂ ಹೆಡಕಿನ ಮೂಳೆಯನ್ನೂ ಕೆಳಗಿನಿಂದ ಆನಿಸಿ ಎದೆಯ ಮೇಲ್ಭಾಗದವರೆಗೆ ಇಳಿಯುತ್ತದೆ. ಎದೆಗವಚದಿಂದ ಸರಳುಗಳು ಎದ್ದು ಗದ್ದ ಹೆಡಕುಗಳನ್ನು ಹಿಡಿಯುವ ಸಾಧನಕ್ಕೆ ಸೋಮಿ ಎಂದು ಹೆಸರು. ಇದಕ್ಕೆ ಬೆನ್ನಿನ ಕಡೆ ಸರಳುಗಳಿಲ್ಲದಿರುವುದರಿಂದ ಮಲಗಿರುವ ರೋಗಿಗೂ ಅಲುಗಿಸದೆ ತೊಡಿಸಬಹುದು. ನಾಲ್ಕು ಕಂಬಗಳ ಸಾಧನವೂ ಹಣೆಯವರೆಗೆ ಬರುವ ಮಿನರ್ವಾ ಕವಚವೂ ಇದಕ್ಕಿಂತ ಬಿಗಿ.

ಎಲ್ಲಕ್ಕಿಂತ ಬಿಗಿಯಾದುದು ಹೇಲೋ. ತಲೆಯ ಸುತ್ತ ಪ್ರಭಾವಳಿಯಂಥ ಬಳೆಯೊಂದನ್ನು, ವಯಸ್ಕರಲ್ಲಿ ಸಾಮಾನ್ಯವಾಗಿ ನಾಲ್ಕು ತಿರುಪುಮೊಳೆಗಳಿಂದ ಬುರುಡೆಯ ಹೊರಪದರಕ್ಕೆ ಬಿಗಿದು, ಸರಳುಗಳ ಮೂಲಕ ಎದೆಗವಚಕ್ಕೆ ಜೋಡಿಸುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಜಾಕ್ವೆಲಿನ್ ಪೆರಿ ಮತ್ತು ವರ್ನನ್ ನಿಕಲ್ ಎಂಬ ವೈದ್ಯರು 1959ರಲ್ಲಿ ಇದರ ಬಳಕೆಯನ್ನು ಪ್ರಕಟಿಸಿದರು. ಅಪಘಾತಗಳಿಗಾಗಿ ಅದು ಹುಟ್ಟಿದ್ದಲ್ಲ. ಪೋಲಿಯೋದಿಂದ ಕುತ್ತಿಗೆಯ ಸ್ನಾಯುಗಳು ಸೋತು ತಲೆ ನಿಲ್ಲದ ರೋಗಿಗಳಿಗೆ ಶಸ್ತ್ರಚಿಕಿತ್ಸೆಯ ತರುವಾಯ ಆಧಾರ ಕೊಡಲೆಂದು ಹುಟ್ಟಿದ್ದು. ಮುಂದೆ ಅದೇ ಮುರಿತಗಳ ಚಿಕಿತ್ಸೆಯಲ್ಲಿಯೂ ನೆಲೆಗೊಂಡಿತು.

6. ಅಳತೆಯ ಸಾಕ್ಷ್ಯ

ಯಾವ ಪಟ್ಟಿ ಎಷ್ಟು ತಡೆಯುತ್ತದೆ ಎಂಬುದನ್ನು ಊಹೆಗೆ ಬಿಡಬೇಕಾಗಿಲ್ಲ. ಜಾನ್ಸನ್ ಮತ್ತು ಅವರ ಸಂಗಡಿಗರು ಕುತ್ತಿಗೆಯಲ್ಲಿ ದೋಷವಿಲ್ಲದ ಜನರಿಗೆ ಬೇರೆ ಬೇರೆ ಪಟ್ಟಿಗಳನ್ನು ತೊಡಿಸಿ, ಕ್ಷಕಿರಣದ ಚಿತ್ರಗಳು ಮತ್ತು ಛಾಯಾಚಿತ್ರಗಳ ನೆರವಿನಿಂದ ಚಲನೆಯನ್ನು ಅಳೆದು 1977ರಲ್ಲಿ ಪ್ರಕಟಿಸಿದರು. ತಡೆಯಲ್ಪಟ್ಟ ಚಲನೆಯ ಶೇಕಡಾ ಪ್ರಮಾಣ ಹೀಗಿದೆ:

ಮೃದುಪಟ್ಟಿ: ಮುಂದೆ ಹಿಂದೆ ಬಾಗುವಿಕೆಯಲ್ಲಿ 26, ತಿರುಗುವಿಕೆಯಲ್ಲಿ 17, ಪಕ್ಕಕ್ಕೆ ವಾಲುವಿಕೆಯಲ್ಲಿ 8.
ಫಿಲಡೆಲ್ಫಿಯಾ: ಬಾಗುವಿಕೆ 71, ತಿರುಗುವಿಕೆ 56, ವಾಲುವಿಕೆ 34.
ಸೋಮಿ: ಬಾಗುವಿಕೆ 72, ತಿರುಗುವಿಕೆ 66, ವಾಲುವಿಕೆ 34.
ನಾಲ್ಕು ಕಂಬಗಳ ಸಾಧನ: ಬಾಗುವಿಕೆ 79, ತಿರುಗುವಿಕೆ 73, ವಾಲುವಿಕೆ 54.
ಹೇಲೋ: ಬಾಗುವಿಕೆ 96, ತಿರುಗುವಿಕೆ 99, ವಾಲುವಿಕೆ 96.

ಈ ಅಂಕಿಗಳಿಂದ ಮೂರು ವಿಷಯಗಳು ಹೊರಡುತ್ತವೆ. ಮೊದಲನೆಯದಾಗಿ, ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ಮೃದುಪಟ್ಟಿಯು ಮುಕ್ಕಾಲುಪಾಲು ಚಲನೆಯನ್ನು ಹಾಗೆಯೇ ಬಿಡುತ್ತದೆ. ಮುರಿದ ಕುತ್ತಿಗೆಗೆ ಅದನ್ನು ನೆಚ್ಚುವುದು, ಬಿರುಕುಬಿಟ್ಟ ಕಟ್ಟೆಗೆ ಬಟ್ಟೆ ಸುತ್ತಿದಂತೆ. ಎರಡನೆಯದಾಗಿ, ಗಟ್ಟಿಪಟ್ಟಿಗಳೂ ಬಾಗುವಿಕೆಯನ್ನು ತಡೆದಷ್ಟು ವಾಲುವಿಕೆಯನ್ನು ತಡೆಯವು. ಮೂರನೆಯದಾಗಿ, ಮೇಲುನೋಟಕ್ಕೆ ತಲೆ ಸ್ಥಿರವಾಗಿದ್ದರೂ ಒಳಗೆ ಒಂದು ಮಣಿ ಮುಂದಕ್ಕೂ ಇನ್ನೊಂದು ಹಿಂದಕ್ಕೂ ಹಾವಿನಂತೆ ಸರಿಯಬಹುದು. ಹೇಲೋದಲ್ಲಿಯೂ ಇದು ಪೂರ್ಣವಾಗಿ ತಪ್ಪದು. ಆದುದರಿಂದಲೇ ಪಟ್ಟಿ ತೊಡಿಸಿದ ಮೇಲೂ ವೈದ್ಯರು ಮತ್ತೆ ಮತ್ತೆ ಚಿತ್ರ ತೆಗೆಸಿ ನೋಡುತ್ತಾರೆ. ಇದನ್ನು ವೃಥಾ ಖರ್ಚೆಂದು ತಪ್ಪಿಸಿಕೊಳ್ಳಬಾರದು.

7. ಯಾರಿಗೆ, ಎಷ್ಟು ಕಾಲ?

ಚಾವಟಿಪೆಟ್ಟಿನಲ್ಲಿ ಮುರಿತವಾಗಲಿ ಕೀಲು ತಪ್ಪಿದ್ದಾಗಲಿ ಇಲ್ಲವೆಂದು ಪರೀಕ್ಷೆಯಿಂದ ಖಚಿತವಾದ ಮೇಲೆ, ದೀರ್ಘಕಾಲ ಪಟ್ಟಿ ಧರಿಸುವುದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು. ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ನೇಮಕವಾದ ತಜ್ಞರ ಮಂಡಲಿಯು 1995ರ ವರದಿಯಲ್ಲಿ, ಸೌಮ್ಯವಾದ ಪೆಟ್ಟಿಗೆ ಪಟ್ಟಿಯೇ ಬೇಡವೆಂದೂ, ಅದಕ್ಕಿಂತ ಹೆಚ್ಚಿನದರಲ್ಲಿ ಧರಿಸಿದರೂ ಮೂರು ದಿನಗಳನ್ನು ಮೀರಬಾರದೆಂದೂ, ಬೇಗನೆ ಚಲನೆಗೂ ಕೆಲಸಕ್ಕೂ ಮರಳುವುದೇ ಉಚಿತವೆಂದೂ ಸೂಚಿಸಿತು. ಬಳಸದ ಸ್ನಾಯು ಬಲಹೀನವಾಗುತ್ತದೆ. ಅಲುಗದ ಕೀಲು ಬಿಗಿಯಾಗುತ್ತದೆ. ಪಟ್ಟಿ ಬಿಟ್ಟಾಗ ನೋವು ಹೆಚ್ಚುತ್ತದೆ. ಅದನ್ನು ಕಂಡು ಮತ್ತೆ ಪಟ್ಟಿ ಕಟ್ಟಲಾಗುತ್ತದೆ. ಈ ಚಕ್ರದಿಂದ ಹೊರಬರುವುದು ಸುಲಭವಲ್ಲ.

ತೋಳಿಗೆ ಇಳಿಯುವ ನರದ ನೋವಿನಲ್ಲಿ ಪಟ್ಟಿಗೆ ಸ್ಥಾನವುಂಟು. 2009ರಲ್ಲಿ ನೆದರ್ಲೆಂಡಿನಿಂದ ಪ್ರಕಟವಾದ ಪ್ರಯೋಗದಲ್ಲಿ, ಇಂಥ ನೋವು ಆರಂಭವಾಗಿ ಒಂದು ತಿಂಗಳು ಕಳೆಯದ ರೋಗಿಗಳಿಗೆ ಮೂರರಿಂದ ಆರು ವಾರ ಅರೆಗಟ್ಟಿ ಪಟ್ಟಿ ಮತ್ತು ವಿಶ್ರಾಂತಿ ಕೊಟ್ಟಾಗ, ಸುಮ್ಮನೆ ಕಾದವರಿಗಿಂತ ನೋವು ಬೇಗ ಇಳಿಯಿತು. ವ್ಯಾಯಾಮ ಚಿಕಿತ್ಸೆಯೂ ಅಷ್ಟೇ ಫಲ ಕೊಟ್ಟಿತು. ಆರು ತಿಂಗಳ ಕೊನೆಗೆ ಮಾತ್ರ ಮೂರು ಗುಂಪುಗಳಲ್ಲಿ ಹೆಚ್ಚಿನ ಅಂತರ ಉಳಿಯಲಿಲ್ಲ. ಅಂದರೆ ಪಟ್ಟಿಯು ಕಷ್ಟದ ಕೆಲವು ವಾರಗಳನ್ನು ದಾಟಿಸುವ ದೋಣಿ. ದಡ ಸೇರಿದ ಮೇಲೆ ದೋಣಿಯನ್ನು ಹೊತ್ತು ತಿರುಗಬೇಕಾಗಿಲ್ಲ.

ಮುರಿತದಲ್ಲಿ ಲೆಕ್ಕ ಬೇರೆ. ಮಣಿಗಳು ಸ್ಥಾನ ಬಿಡದ, ಬಳ್ಳಿಗೆ ಅಪಾಯವಿಲ್ಲದ ಮುರಿತಗಳಲ್ಲಿ ಗಟ್ಟಿಪಟ್ಟಿ ಅಥವಾ ಹೇಲೋವನ್ನು ಮೂಳೆ ಕೂಡುವವರೆಗೆ, ಸಾಮಾನ್ಯವಾಗಿ ಎರಡು ಮೂರು ತಿಂಗಳು, ಎಡೆಬಿಡದೆ ಧರಿಸಬೇಕಾಗುತ್ತದೆ. ಸ್ನಾನಕ್ಕೆಂದು ಒಂದು ಗಳಿಗೆ ತಾನಾಗಿ ಬಿಚ್ಚುವುದೂ ಇಲ್ಲಿ ಅಪಾಯ. ಆಕ್ಸಿಸಿನ ಗೂಟವು ಬುಡದಲ್ಲಿ ಮುರಿದರೆ, ವಿಶೇಷವಾಗಿ ವೃದ್ಧರಲ್ಲಿ, ಪಟ್ಟಿಯಿಂದ ಅದು ಕೂಡದೆ ಉಳಿಯುವುದುಂಟು. ಆಗ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಕೀಲು ತಪ್ಪಿದ್ದರೆ, ಬಳ್ಳಿ ಒತ್ತಲ್ಪಟ್ಟಿದ್ದರೆ, ಪಟ್ಟಿಯೊಂದನ್ನೇ ನಂಬಿ ಕೂರುವಂತಿಲ್ಲ.

8. ಬಿದ್ದ ಸ್ಥಳದಲ್ಲಿ ಮಾಡತಕ್ಕದ್ದು

ರಸ್ತೆಯಲ್ಲಿ ಒಬ್ಬರು ಬಿದ್ದಾಗ ನಮ್ಮ ಜನ ಕೂಡಲೇ ಓಡಿಬಂದು, ತೋಳು ಕಾಲು ಹಿಡಿದೆತ್ತಿ, ಕೂರಿಸಿ ನೀರು ಕುಡಿಸಿ, ಆಟೋರಿಕ್ಷಾದಲ್ಲಿ ಮುದುರಿ ಮಲಗಿಸಿ ಕೊಂಡೊಯ್ಯುತ್ತಾರೆ. ಇದರ ಹಿಂದಿನ ಕರುಣೆ ದೊಡ್ಡದು. ಆದರೆ ಕುತ್ತಿಗೆ ಮುರಿದಿದ್ದು ಬಳ್ಳಿ ಇನ್ನೂ ಉಳಿದಿರುವ ಮನುಷ್ಯನಿಗೆ ಆ ಎತ್ತುವಿಕೆಯೇ ಮಾರಕವಾಗಬಹುದು. ಬಿದ್ದವರು ಕುತ್ತಿಗೆಯ ನೋವನ್ನು ಹೇಳಿದರೆ, ಕೈಕಾಲು ಜೋಮೆಂದರೆ, ಪ್ರಜ್ಞೆ ಮಂದವಾಗಿದ್ದರೆ, ಮದ್ಯಪಾನ ಮಾಡಿದ್ದರೆ, ಅಥವಾ ಬೇರೆಡೆಯ ದೊಡ್ಡ ಗಾಯದಿಂದ ನರಳುತ್ತಿದ್ದರೆ, ಕುತ್ತಿಗೆಗೆ ಪೆಟ್ಟಾಗಿದೆಯೆಂದೇ ಭಾವಿಸಿ ನಡೆಯಬೇಕು.

ಆಗ ವಾಹನಸಂಚಾರವನ್ನು ತಡೆದು, ಬಿದ್ದವರ ತಲೆಯನ್ನು ಎರಡು ಕೈಗಳಿಂದ ಇರುವಂತೆಯೇ ಹಿಡಿದು, 108ಕ್ಕೆ ಕರೆ ಮಾಡುವುದು ಮೊದಲ ಕೆಲಸ. ಕರ್ನಾಟಕದಲ್ಲಿ ಆರೋಗ್ಯ ಕವಚವೆಂಬ ಈ ಸೇವೆ 2008ರಲ್ಲಿ ಆರಂಭವಾಯಿತು. ಉಸಿರಾಟಕ್ಕೆ ಅಡ್ಡಿಯಿದ್ದರೆ ಅದನ್ನು ನಿವಾರಿಸುವುದು ಎಲ್ಲಕ್ಕಿಂತ ಮಿಗಿಲು. ಅಡ್ಡಿಯಿಲ್ಲದಿದ್ದರೆ ಶಿರಸ್ತ್ರಾಣವನ್ನು ತೆಗೆಯುವ ಆತುರ ಬೇಡ. ತೆಗೆಯಲೇಬೇಕಾದರೆ ಇಬ್ಬರು ಬೇಕು: ಒಬ್ಬರು ಕೆಳಗಿನಿಂದ ದವಡೆ ಹೆಡಕುಗಳನ್ನು ಹಿಡಿದಿರುವಾಗ ಇನ್ನೊಬ್ಬರು ನಿಧಾನವಾಗಿ ಕಳಚಬೇಕು. ಕುತ್ತಿಗೆ ಮೊದಲೇ ಕೊರಡಾಗಿ ಬಾಗಿರುವ ವೃದ್ಧರಲ್ಲಿ ಅದನ್ನು ನೇರ ಮಾಡಲು ಒತ್ತಬಾರದು. ಬಾಗಿರುವಂತೆಯೇ ಆಧಾರ ಕೊಡಬೇಕು. ನೆರವಿತ್ತವರನ್ನು ಪೋಲೀಸು, ನ್ಯಾಯಾಲಯಗಳ ತೊಡಕಿನಿಂದ ರಕ್ಷಿಸುವ 134ಎ ಎಂಬ ವಿಧಿಯನ್ನು 2019ರ ತಿದ್ದುಪಡಿಯು ಮೋಟಾರು ವಾಹನ ಕಾಯಿದೆಗೆ ಸೇರಿಸಿದೆ. ಆ ಭಯದಿಂದ ಹಿಂಜರಿಯುವ ಕಾರಣ ಈಗಿಲ್ಲ.

ಇನ್ನೊಂದು ಮಾತು. ಕತ್ತು ಹಿಡಿದಾಗ ಎಣ್ಣೆ ಹಚ್ಚಿ ಉಜ್ಜಿಸುವುದು, ಕ್ಷೌರದಂಗಡಿಯಲ್ಲಿ ತಲೆಯನ್ನು ಹಿಡಿದು ಥಟ್ಟನೆ ತಿರುವಿಸಿ ನೆಟಿಗೆ ತೆಗೆಸುವುದು ನಮ್ಮಲ್ಲಿ ರೂಢಿ. ಮಣಿಗಳ ಪಕ್ಕದ ರಂಧ್ರಗಳ ಮೂಲಕ ಮಿದುಳಿಗೆ ಏರುವ ರಕ್ತನಾಳಗಳಿವೆ. ಈ ಹಠಾತ್ ತಿರುವಿನಿಂದ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಬಂದ ನಿದರ್ಶನಗಳು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ. ಪೆಟ್ಟಾದ ಕುತ್ತಿಗೆಯನ್ನಂತೂ ಯಾರಿಂದಲೂ ತಿರುವಿಸಕೂಡದು, ಎಳೆಸಕೂಡದು.

9. ಧರಿಸುವ ಕ್ರಮ, ಬಿಡುವ ಕ್ರಮ

ಪಟ್ಟಿಯ ಎತ್ತರವು ಗದ್ದದಿಂದ ಎದೆಮೂಳೆಯವರೆಗಿನ ಅಂತರಕ್ಕೆ ಹೊಂದಬೇಕು. ಹೆಚ್ಚು ಎತ್ತರವಾದರೆ ತಲೆ ಹಿಂದಕ್ಕೆ ಮಣಿದು, ಕಿರಿದಾದ ಕೊಳವೆ ಇನ್ನೂ ಕಿರಿದಾಗುತ್ತದೆ. ತಗ್ಗಾದರೆ ಗದ್ದ ಒಳಗೆ ಜಾರುತ್ತದೆ. ಬಿಗಿ ಅತಿಯಾದರೆ ಕೊರಳಿನ ಸಿರೆಗಳು ಒತ್ತಲ್ಪಟ್ಟು ತಲೆಯೊಳಗಿನ ಒತ್ತಡ ಏರುತ್ತದೆ; ತಲೆಗೂ ಪೆಟ್ಟಾದವರಲ್ಲಿ ಇದು ಅಪಾಯಕರ. ಗದ್ದ, ಹೆಡಕು, ಹೆಗಲೆಲುಬುಗಳ ಮೇಲೆ ಚರ್ಮ ಕೆಂಪೇರಿದೆಯೇ ಎಂದು ದಿನವೂ ನೋಡಬೇಕು. ನಮ್ಮ ಬೇಸಗೆಯ ಬೆವರಿನಲ್ಲಿ ಹುಣ್ಣಾಗುವುದು ಬೇಗ. ಗಡ್ಡ ಬೋಳಿಸಿ, ಒಳಗಿನ ಮೆತ್ತೆಗಳನ್ನು ಬದಲಿಸಿ, ಚರ್ಮವನ್ನು ಒಣಗಿಡುವುದು ಮುಖ್ಯ. ಮುರಿತವಿದ್ದವರಲ್ಲಿ ಇದೆಲ್ಲವನ್ನೂ ಮಲಗಿಸಿಯೇ, ಬಲ್ಲವರ ಕೈಯಿಂದಲೇ ಮಾಡಿಸಬೇಕು. ನುಂಗಲು ಕಷ್ಟವಾಗುವುದು ಸಾಮಾನ್ಯವಾದುದರಿಂದ ಮೆತ್ತನೆಯ ಆಹಾರವನ್ನು ಸಣ್ಣ ತುತ್ತುಗಳಾಗಿ ತೆಗೆದುಕೊಳ್ಳಬೇಕು. ಕಾಲ ಕೆಳಗಿನ ನೆಲ ಕಾಣದಿರುವುದರಿಂದ ಮೆಟ್ಟಿಲುಗಳಲ್ಲಿ ಎಚ್ಚರ ಬೇಕು. ವಾಹನ ನಡೆಸಲಂತೂ ಸಲ್ಲದು.

ಬಿಡುವುದೂ ಒಂದು ಚಿಕಿತ್ಸೆಯೇ. ವೈದ್ಯರ ಅನುಮತಿ ದೊರೆತ ಮೇಲೆ ದಿನಕ್ಕೆ ಕೆಲವು ಗಂಟೆಗಳಂತೆ ಪಟ್ಟಿಯನ್ನು ಕಳಚಿಡುತ್ತ, ಕೈಯನ್ನು ಹಣೆಗೆ ಒತ್ತಿ ತಲೆಯನ್ನು ಅಲುಗಿಸದೆ ಸ್ನಾಯುಗಳನ್ನು ಬಿಗಿಯುವ ವ್ಯಾಯಾಮದಿಂದ ತೊಡಗಿ, ಕ್ರಮೇಣ ಪೂರ್ಣ ಚಲನೆಗೆ ಬರಬೇಕು. ಪಟ್ಟಿ ಕೊಡುವಾಗಲೇ ಬಿಡುವ ದಿನವನ್ನೂ ಗೊತ್ತುಮಾಡಿಕೊಳ್ಳುವುದು ಒಳ್ಳೆಯ ಪದ್ಧತಿ.

ಅಳತೆಗೆ ತಕ್ಕ ಸಾಧನಗಳನ್ನು ಮಾಡಬಲ್ಲವರ ಕೊರತೆಯೇ ನಮ್ಮ ನಾಡಿನ ಮುಖ್ಯ ತೊಡಕುಗಳಲ್ಲೊಂದು. ಬೆಂಗಳೂರಿನಲ್ಲಿ 1994ರಲ್ಲಿ ಹುಟ್ಟಿದ ಮೊಬಿಲಿಟಿ ಇಂಡಿಯಾ ಸಂಸ್ಥೆಯು ಕೃತಕಾಂಗ ಮತ್ತು ಆಧಾರಸಾಧನಗಳ ನಿರ್ಮಾಣದಲ್ಲಿ ತರಬೇತಿ ಕೊಡುತ್ತಿದೆ. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಮತ್ತು ಜಯನಗರದ ಸಂಜಯ ಗಾಂಧಿ ಆಸ್ಪತ್ರೆಗಳು ನರ ಮತ್ತು ಮೂಳೆಯ ಪೆಟ್ಟುಗಳ ಚಿಕಿತ್ಸೆಗೆ ಸರ್ಕಾರದ ಆಶ್ರಯದಲ್ಲಿರುವ ನೆಲೆಗಳು. ವಿಜ್ಞಾನ ಮತ್ತು ತಂತ್ರಶಿಕ್ಷಣದ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ, ನಮ್ಮ ಸೆಕೆಗೆ ತಕ್ಕುದಾದ, ಗಾಳಿಯಾಡುವ, ಅಗ್ಗವಾದ ಪಟ್ಟಿಯ ನಿರ್ಮಾಣವು ಯೋಗ್ಯವಾದ ಸಂಶೋಧನೆಯ ವಿಷಯವಾದೀತು.

10. ಉಪಸಂಹಾರ

ಮೇಲೆ ಹೇಳಿದುದರ ಸಾರಾಂಶವಿಷ್ಟು. ಕುತ್ತಿಗೆಯ ಪಟ್ಟಿಯು ಉಪಕಾರಿಯೋ ಅಪಕಾರಿಯೋ ಎಂಬ ಪ್ರಶ್ನೆಗೆ ಪಟ್ಟಿಯಲ್ಲಿ ಉತ್ತರವಿಲ್ಲ, ರೋಗನಿರ್ಣಯದಲ್ಲಿದೆ. ಮುರಿದ ಮೂಳೆಗೆ ಬಿಗಿಯಾದ ಆಧಾರವನ್ನು ಕೊನೆಯ ದಿನದವರೆಗೆ ಬಿಡದೆ ಧರಿಸುವ ತಾಳ್ಮೆ ಬೇಕು. ಬರಿಯ ನೋವಿಗೆ ಮೃದುವಾದ ಆಧಾರವನ್ನು ಬೇಗನೆ ಬಿಡುವ ಧೈರ್ಯ ಬೇಕು. ಕೈ ಸೋಲುವುದು, ನಡಿಗೆ ತಪ್ಪುವುದು, ಮೂತ್ರದ ಹಿಡಿತ ಹೋಗುವುದು, ಜ್ವರ ಬಿಡದಿರುವುದು ಇವುಗಳಲ್ಲಿ ಒಂದು ಕಂಡರೂ ಅಂಗಡಿಯ ದಾರಿಯನ್ನು ಬಿಟ್ಟು ಆಸ್ಪತ್ರೆಯ ದಾರಿ ಹಿಡಿಯಬೇಕು. ಕಾಲೇಜುಗಳ ಅಧ್ಯಾಪಕರು ವರ್ಷಕ್ಕೊಮ್ಮೆಯಾದರೂ ಬಿದ್ದವರನ್ನು ಎತ್ತುವ ಕ್ರಮವನ್ನು ವಿದ್ಯಾರ್ಥಿಗಳಿಗೆ ಮಾಡಿ ತೋರಿಸಿದರೆ, ಕಾಲ ಮೇಲೆ ನಿಲ್ಲಬಹುದಾಗಿದ್ದ ಯಾರೋ ಒಬ್ಬರು ಮುಂದೆ ಕಾಲ ಮೇಲೆಯೇ ನಿಂತಾರು.